ಪಟ್ಟಣಗಳಲ್ಲಿ ಸುಸ್ಥಿರ ನೈರ್ಮಲ್ಯ ಹಾಗೂ ನೀರಿನ ಕಾಮಗಾರಿಗಳು: ನಾಗರಿಕರಿಗೆ ಮತ್ತು ಸ್ಥಳೀಯ ಸಂಸ್ಥೆಗಳಿಗೆ ಮಾಹಿತಿ

1. ಪೀಠಿಕೆ

ಕರ್ನಾಟಕದ ಸಣ್ಣ ಮತ್ತು ಮಧ್ಯಮ ಪಟ್ಟಣಗಳ ನಾಗರಿಕರು, ನಿವಾಸಿಗಳ ಸಂಘಗಳು ಹಾಗೂ ಸ್ವಸಹಾಯ ಗುಂಪುಗಳು ತಮ್ಮ ಊರಿನ ಕೆರೆ, ಬಾವಿ, ಕಸ, ಮಲತ್ಯಾಜ್ಯ ಮತ್ತು ಮಳೆನೀರಿಗೆ ಸಂಬಂಧಿಸಿದ ಕಾಮಗಾರಿಗಳನ್ನು ಕೈಗೊಳ್ಳುವಂತೆ ಸ್ಥಳೀಯ ಸಂಸ್ಥೆಗಳಿಗೆ ಮನವಿ ಸಲ್ಲಿಸುವುದು ವಾಡಿಕೆಯಲ್ಲಿದೆ. ಇಂತಹ ಮನವಿಗಳನ್ನು ಯಾರಿಗೆ ಸಲ್ಲಿಸಬೇಕು, ಅವುಗಳಲ್ಲಿ ಯಾವ ವಿವರಗಳಿರಬೇಕು, ಹಣ ಯಾವ ಮೂಲದಿಂದ ದೊರೆಯುತ್ತದೆ, ಕಾಮಗಾರಿ ಮುಗಿದ ನಂತರದ ಹೊಣೆ ಯಾರದು ಎಂಬ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ ನೀಡುವುದು ಈ ಪುಟದ ಉದ್ದೇಶವಾಗಿರುತ್ತದೆ.

ಸುಸ್ಥಿರ ಕಾಮಗಾರಿ ಎಂದರೆ ಇಂದಿನ ಅಗತ್ಯವನ್ನು ಪೂರೈಸುವುದರೊಂದಿಗೆ ಮುಂದಿನ ಪೀಳಿಗೆಯ ನೀರು, ನೆಲ ಹಾಗೂ ಆರೋಗ್ಯಕ್ಕೆ ಧಕ್ಕೆ ತಾರದ ಕಾಮಗಾರಿ. ಉದ್ಘಾಟನೆಯಾದ ಮಾತ್ರಕ್ಕೆ ಯಾವ ಕಾಮಗಾರಿಯೂ ಸುಸ್ಥಿರವಾಗುವುದಿಲ್ಲ. ಹತ್ತನೆಯ ವರ್ಷದಲ್ಲಿಯೂ ಅದನ್ನು ನಡೆಸಲು ಗೊತ್ತುಪಡಿಸಿದ ವ್ಯಕ್ತಿ, ಅದಕ್ಕೆ ಮೀಸಲಾದ ಹಣ ಮತ್ತು ಅದನ್ನು ಬಳಸುವ ಜನ ಈ ಮೂರೂ ಇರಬೇಕು. ಆದುದರಿಂದ ಅರ್ಜಿದಾರರು ಕಟ್ಟಡದ ಬಗ್ಗೆ ಯೋಚಿಸುವ ಮೊದಲು ನಿರ್ವಹಣೆಯ ಬಗ್ಗೆ ಯೋಚಿಸುವುದು ಸೂಕ್ತ.

2. ಸ್ಥಳೀಯ ಸಂಸ್ಥೆಗಳ ಅಧಿಕಾರ ಮತ್ತು ಹೊಣೆ

ಸಂವಿಧಾನದ 74ನೆಯ ತಿದ್ದುಪಡಿಯು 1993ರ ಜೂನ್ 1ರಿಂದ ಜಾರಿಗೆ ಬಂದಿದ್ದು, ಅದರ ಮೂಲಕ ಸೇರ್ಪಡೆಯಾದ 12ನೆಯ ಅನುಸೂಚಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳನ್ನು ಪಟ್ಟಿ ಮಾಡಲಾಗಿದೆ. ನೀರು ಸರಬರಾಜು, ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಘನತ್ಯಾಜ್ಯ ನಿರ್ವಹಣೆ, ನಗರ ಅರಣ್ಯ ಮತ್ತು ಪರಿಸರ ಸಂರಕ್ಷಣೆ ಈ ಪಟ್ಟಿಯಲ್ಲಿವೆ. ಗ್ರಾಮೀಣ ಪ್ರದೇಶಕ್ಕೆ ಸಂಬಂಧಿಸಿದಂತೆ 73ನೆಯ ತಿದ್ದುಪಡಿ ಹಾಗೂ 29 ವಿಷಯಗಳುಳ್ಳ 11ನೆಯ ಅನುಸೂಚಿ ಅನ್ವಯಿಸುತ್ತವೆ.

ರಾಜ್ಯದಲ್ಲಿ ಪಟ್ಟಣ ಪಂಚಾಯಿತಿ, ಪುರಸಭೆ ಮತ್ತು ನಗರಸಭೆಗಳು ಕರ್ನಾಟಕ ಪುರಸಭೆಗಳ ಅಧಿನಿಯಮ, 1964ರ ಅಡಿಯಲ್ಲಿಯೂ, ಮಹಾನಗರ ಪಾಲಿಕೆಗಳು ಕರ್ನಾಟಕ ಮಹಾನಗರ ಪಾಲಿಕೆಗಳ ಅಧಿನಿಯಮ, 1976ರ ಅಡಿಯಲ್ಲಿಯೂ ಕಾರ್ಯನಿರ್ವಹಿಸುತ್ತವೆ. ಬೆಂಗಳೂರಿಗೆ ಪ್ರತ್ಯೇಕ ಕಾನೂನು ಇದೆ. ಅರ್ಜಿಯನ್ನು ಈ ಕೆಳಕಂಡ ಅಧಿಕಾರಿಗಳ ಹೆಸರಿಗೆ ಬರೆಯತಕ್ಕದ್ದು:

• ಪಟ್ಟಣ ಪಂಚಾಯಿತಿ ಮತ್ತು ಪುರಸಭೆ – ಮುಖ್ಯಾಧಿಕಾರಿಗಳು
• ನಗರಸಭೆ – ಪೌರಾಯುಕ್ತರು
• ಮಹಾನಗರ ಪಾಲಿಕೆ – ಆಯುಕ್ತರು
• ಗ್ರಾಮ ಪಂಚಾಯಿತಿ – ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು

ಚುನಾಯಿತ ಕೌನ್ಸಿಲ್‌ನ ಅವಧಿ ಮುಗಿದು ಹೊಸ ಕೌನ್ಸಿಲ್ ರಚನೆಯಾಗಿಲ್ಲದ ಊರುಗಳಲ್ಲಿ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಗಳು ಕೌನ್ಸಿಲ್‌ನ ಅಧಿಕಾರವನ್ನು ಚಲಾಯಿಸುತ್ತಾರೆ. ಆದುದರಿಂದ ಕೌನ್ಸಿಲ್ ಇಲ್ಲವೆಂಬ ಕಾರಣಕ್ಕೆ ಅರ್ಜಿ ಸಲ್ಲಿಸುವುದನ್ನು ಮುಂದೂಡಬೇಕಾಗಿಲ್ಲ.

3. ಒಂದು ನಿದರ್ಶನ: ದೇವನಹಳ್ಳಿಯ ಮಲತ್ಯಾಜ್ಯ ಸಂಸ್ಕರಣಾ ಘಟಕ

ಸಣ್ಣ ಪಟ್ಟಣವೊಂದು ತನ್ನ ಶಕ್ತಿಗೆ ತಕ್ಕ ಸುಸ್ಥಿರ ಕಾಮಗಾರಿಯನ್ನು ಹೇಗೆ ಕೈಗೊಳ್ಳಬಹುದೆಂಬುದಕ್ಕೆ ದೇವನಹಳ್ಳಿ ಒಂದು ನಿದರ್ಶನ. 2011ರ ಜನಗಣತಿಯಂತೆ ಈ ಪಟ್ಟಣದ ಜನಸಂಖ್ಯೆ ಸುಮಾರು 28 ಸಾವಿರ. ಪಟ್ಟಣದಲ್ಲಿ ಆಗ ಒಳಚರಂಡಿ ಜಾಲವಿರಲಿಲ್ಲ. ಮನೆಗಳ ಶೌಚಾಲಯಗಳು ಶೌಚಗುಂಡಿ ಅಥವಾ ಸೆಪ್ಟಿಕ್ ಟ್ಯಾಂಕ್‌ಗಳಿಗೆ ಸೇರಿದ್ದವು. ರಾಜ್ಯದ ಅನೇಕ ಸಣ್ಣ ಪಟ್ಟಣಗಳ ಪರಿಸ್ಥಿತಿಯೂ ಇದೇ ಆಗಿರುತ್ತದೆ.

3.1 ಸಮಸ್ಯೆ

ಶೌಚಾಲಯ ಕಟ್ಟುವುದರೊಂದಿಗೆ ನೈರ್ಮಲ್ಯದ ಕೆಲಸ ಮುಗಿಯುವುದಿಲ್ಲ. ಗುಂಡಿ ತುಂಬಿದಾಗ ಸಕ್ಕಿಂಗ್ ಯಂತ್ರದ ಲಾರಿ ಬಂದು ಮಲಕೆಸರನ್ನು ಹೀರಿಕೊಂಡು ಹೋಗುತ್ತದೆ. ಆ ಲಾರಿ ಅದನ್ನು ಎಲ್ಲಿ ಸುರಿಯುತ್ತದೆ ಎಂಬುದನ್ನು ಮನೆಯವರು ಸಾಮಾನ್ಯವಾಗಿ ವಿಚಾರಿಸುವುದಿಲ್ಲ. ಗೊತ್ತುಪಡಿಸಿದ ಜಾಗವಿಲ್ಲದಿದ್ದಲ್ಲಿ ರಾಜಕಾಲುವೆ, ಕೆರೆಯಂಗಳ, ರಸ್ತೆ ಬದಿಯ ಹಳ್ಳ ಅಥವಾ ಖಾಲಿ ಹೊಲ ಅದರ ಪಾಲಿಗೆ ಬರುತ್ತದೆ. ಹೀಗೆ ಸುರಿದ ಮಲಕೆಸರಿನಲ್ಲಿನ ರೋಗಾಣುಗಳು ಮತ್ತು ಜಂತುಹುಳದ ಮೊಟ್ಟೆಗಳು ಮಳೆನೀರಿನೊಡನೆ ಬಾವಿಯನ್ನೂ ತರಕಾರಿ ತೋಟವನ್ನೂ ಸೇರುವ ಸಂಭವವಿರುತ್ತದೆ. ತಳಕ್ಕೆ ಗಾರೆ ಹಾಕದ ಗುಂಡಿಗಳಿಂದ ಅಂತರ್ಜಲಕ್ಕೆ ನೈಟ್ರೇಟ್ ಇಳಿಯುವುದು ಇನ್ನೊಂದು ಅಪಾಯ. ಈ ಕಾರಣಕ್ಕಾಗಿಯೇ ಭಾರತೀಯ ಮಾನಕದ ಪ್ರಕಾರ ಸೆಪ್ಟಿಕ್ ಟ್ಯಾಂಕ್‌ನ ಇಂಗುಗುಂಡಿಯು ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್ ದೂರದಲ್ಲಿರಬೇಕು.

3.2 ಪುರಸಭೆ ಕೈಗೊಂಡ ಕ್ರಮ

ದೇವನಹಳ್ಳಿ ಪುರಸಭೆಯು ಬೆಂಗಳೂರಿನ ಸಿ.ಡಿ.ಡಿ. ಸೊಸೈಟಿ ಎಂಬ ತಾಂತ್ರಿಕ ಸಂಸ್ಥೆಯ ಸಹಯೋಗದಲ್ಲಿ 2015ರಲ್ಲಿ ಮಲತ್ಯಾಜ್ಯ ಸಂಸ್ಕರಣಾ ಘಟಕವನ್ನು ಆರಂಭಿಸಿತು. ಪಟ್ಟಣವೊಂದರ ಅಗತ್ಯಕ್ಕೆಂದೇ ದೇಶದಲ್ಲಿ ಮೊದಲಿಗೆ ನಿರ್ಮಾಣವಾದ ಘಟಕಗಳಲ್ಲಿ ಇದು ಸೇರಿದೆ. ಇದರ ಸಾಮರ್ಥ್ಯ ದಿನಕ್ಕೆ 6 ಸಾವಿರ ಲೀಟರ್. ಮಲತ್ಯಾಜ್ಯ ನಿರ್ವಹಣೆಯ ರಾಷ್ಟ್ರೀಯ ನೀತಿಯು 2017ರಲ್ಲಿ ಪ್ರಕಟವಾಯಿತು. ಅಂದರೆ ಪುರಸಭೆಯೊಂದು ರಾಷ್ಟ್ರೀಯ ನೀತಿಗಿಂತ ಮುಂಚೆಯೇ ಈ ಕೆಲಸ ಕೈಗೊಂಡಿತ್ತು ಎಂಬುದು ಗಮನಾರ್ಹ.

ಘಟಕದ ಕಾರ್ಯವಿಧಾನ ಸರಳವಾಗಿದೆ. ಲಾರಿ ತಂದ ಮಲಕೆಸರು ಮೊದಲು ಮುಚ್ಚಿದ ತೊಟ್ಟಿಗಳನ್ನು ಸೇರಿ, ಗಾಳಿಯ ಸಂಪರ್ಕವಿಲ್ಲದೆ ಕೊಳೆತು ಸ್ಥಿರಗೊಳ್ಳುತ್ತದೆ. ಅನಂತರ ಅದನ್ನು ಮರಳು ಮತ್ತು ಜಲ್ಲಿಯ ಒಣಗುಪಾತಿಗಳ ಮೇಲೆ ಹರಡಲಾಗುತ್ತದೆ. ನೀರಿನಂಶ ಕೆಳಗೆ ಬಸಿದು, ಸೋಸುಕೋಣೆಗಳ ಮತ್ತು ಗಿಡ ನೆಟ್ಟ ಜಲ್ಲಿಪಾತಿಯ ಮೂಲಕ ಹಾದು ಶುದ್ಧಗೊಳ್ಳುತ್ತದೆ. ಪಾತಿಯ ಮೇಲೆ ಉಳಿದು ಒಣಗಿದ ಭಾಗವನ್ನು ಪಟ್ಟಣದ ಹಸಿಕಸದೊಂದಿಗೆ ಬೆರೆಸಿ ಗೊಬ್ಬರ ಮಾಡಲಾಗುತ್ತದೆ. ಹರಿವು ಬಹುಪಾಲು ಇಳಿಜಾರಿನ ಮೇಲೆಯೇ ಅವಲಂಬಿತವಾದುದರಿಂದ ವಿದ್ಯುತ್ ವೆಚ್ಚ ಕಡಿಮೆ. ದೊಡ್ಡ ಯಂತ್ರಗಳಿಲ್ಲದ ಕಾರಣ ತರಬೇತಿ ಪಡೆದ ಸ್ಥಳೀಯ ಸಿಬ್ಬಂದಿಯೇ ಇದನ್ನು ನಡೆಸಬಹುದು.

3.3 ಹಸಿಕಸದೊಂದಿಗೆ ಬೆರೆಸುವುದರ ಕಾರಣ

ಮಲಕೆಸರಿನಲ್ಲಿ ಸಾರಜನಕ ಹೆಚ್ಚು, ಎಲೆ ಮತ್ತು ತರಕಾರಿ ಸಿಪ್ಪೆಯಂತಹ ಕಸದಲ್ಲಿ ಇಂಗಾಲ ಹೆಚ್ಚು. ಎರಡನ್ನೂ ಸರಿಯಾದ ಪ್ರಮಾಣದಲ್ಲಿ ಬೆರೆಸಿ ರಾಶಿ ಹಾಕಿದಾಗ ಅದರ ಒಳಗಿನ ಬಿಸಿ 55 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೇರುತ್ತದೆ. ಈ ಬಿಸಿ ಹಲವು ದಿನ ನಿಂತರೆ ರೋಗಾಣುಗಳೂ ಜಂತುಹುಳದ ಮೊಟ್ಟೆಗಳೂ ನಾಶವಾಗುತ್ತವೆ. ಬಿಸಿಯೇರದ ರಾಶಿಯನ್ನು ಹೊಲಕ್ಕೆ ಹಾಕತಕ್ಕದ್ದಲ್ಲ. ಹೀಗಾಗಿ ರಾಶಿಯ ತಾಪವನ್ನು ಅಳೆದು ಪುಸ್ತಕದಲ್ಲಿ ದಾಖಲಿಸುವುದು ಘಟಕದ ಅತಿ ಮುಖ್ಯ ಕೆಲಸಗಳಲ್ಲಿ ಒಂದು. ಮನೆಗಳಲ್ಲಿ ಹಸಿಕಸ ಬೇರ್ಪಡದಿದ್ದರೆ ಪ್ಲಾಸ್ಟಿಕ್ ಮತ್ತು ಗಾಜಿನ ಚೂರು ಬೆರೆತ ಗೊಬ್ಬರವನ್ನು ರೈತರು ಕೊಳ್ಳುವುದಿಲ್ಲ. ಕಸ ಬೇರ್ಪಡಿಸುವ ಮನೆಗೂ ಗೊಬ್ಬರ ಕೊಳ್ಳುವ ರೈತರಿಗೂ ಹೀಗೆ ನೇರ ಸಂಬಂಧವಿರುತ್ತದೆ.

3.4 ನಿಮ್ಮ ಪಟ್ಟಣಕ್ಕೆ ಎಷ್ಟು ಸಾಮರ್ಥ್ಯ ಬೇಕು?

ಅರ್ಜಿದಾರರು ತಾವೇ ಒಂದು ಅಂದಾಜು ಮಾಡಬಹುದು. ಒಂದು ಪಟ್ಟಣದಲ್ಲಿ ಸೆಪ್ಟಿಕ್ ಟ್ಯಾಂಕ್ ಇರುವ 3,000 ಮನೆಗಳಿವೆ ಎಂದಿಟ್ಟುಕೊಳ್ಳೋಣ. ಪ್ರತಿ ಮನೆಯ ಟ್ಯಾಂಕನ್ನು 3 ವರ್ಷಕ್ಕೊಮ್ಮೆ ಖಾಲಿ ಮಾಡಿಸಿದರೆ ವರ್ಷಕ್ಕೆ 1,000 ಟ್ಯಾಂಕ್‌ಗಳಾಗುತ್ತವೆ. ವರ್ಷದಲ್ಲಿ 300 ಕೆಲಸದ ದಿನಗಳೆಂದರೆ ದಿನಕ್ಕೆ ಮೂರರಿಂದ ನಾಲ್ಕು ಟ್ಯಾಂಕ್‌ಗಳು. ಒಂದು ಟ್ಯಾಂಕ್‌ನಿಂದ 3 ಸಾವಿರ ಲೀಟರ್ ಬಂದರೆ ದಿನಕ್ಕೆ ಸುಮಾರು 10 ಸಾವಿರ ಲೀಟರ್ ಸಾಮರ್ಥ್ಯ ಬೇಕಾಗುತ್ತದೆ. ಆದರೆ ಬಹಳಷ್ಟು ಮನೆಗಳು ಗುಂಡಿ ಉಕ್ಕುವವರೆಗೂ ಲಾರಿ ಕರೆಸುವುದಿಲ್ಲ. ಆಗ ಘಟಕಕ್ಕೆ ಬರುವ ಪ್ರಮಾಣ ಅಂದಾಜಿಗಿಂತ ಬಹಳ ಕಡಿಮೆಯಾಗಿ ಹಾಕಿದ ಬಂಡವಾಳ ನಿಷ್ಫಲವಾಗುತ್ತದೆ. ಆದುದರಿಂದ ಘಟಕದ ಪ್ರಸ್ತಾವನೆಯೊಂದಿಗೆ ವಾರ್ಡ್‌ವಾರು ಸರದಿಯ ಮೇಲೆ ಟ್ಯಾಂಕ್ ಖಾಲಿ ಮಾಡಿಸುವ ವೇಳಾಪಟ್ಟಿಯನ್ನೂ ಕೋರುವುದು ಸೂಕ್ತ.

4. ಕಾರ್ಮಿಕರ ಸುರಕ್ಷತೆ: ಸಾರ್ವಜನಿಕರ ವಿಶೇಷ ಗಮನಕ್ಕೆ

ಸೆಪ್ಟಿಕ್ ಟ್ಯಾಂಕ್ ಅಥವಾ ಮ್ಯಾನ್‌ಹೋಲ್‌ನೊಳಗೆ ಹೈಡ್ರೋಜನ್ ಸಲ್ಫೈಡ್, ಮೀಥೇನ್ ಮುಂತಾದ ಅನಿಲಗಳು ತುಂಬಿಕೊಂಡಿರುತ್ತವೆ. ಒಳಗಿಳಿದವರು ಕೆಲವೇ ಕ್ಷಣಗಳಲ್ಲಿ ಪ್ರಜ್ಞೆ ತಪ್ಪುತ್ತಾರೆ. ಅವರನ್ನು ಎತ್ತಲು ಇಳಿದವರೂ ಸಾಯುವುದು ಇಂತಹ ದುರಂತಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ.

ಮಲ ಹೊರುವ ವೃತ್ತಿ ನಿಷೇಧ ಮತ್ತು ಪುನರ್ವಸತಿಗೆ ಸಂಬಂಧಿಸಿದ 2013ರ ಅಧಿನಿಯಮದ ಪ್ರಕಾರ ಯಾವುದೇ ವ್ಯಕ್ತಿ, ಸಂಸ್ಥೆ ಅಥವಾ ಸ್ಥಳೀಯ ಪ್ರಾಧಿಕಾರವು ಸೆಪ್ಟಿಕ್ ಟ್ಯಾಂಕ್ ಅಥವಾ ಒಳಚರಂಡಿಯ ಅಪಾಯಕಾರಿ ಸ್ವಚ್ಛತೆಗೆ ಜನರನ್ನು ತೊಡಗಿಸತಕ್ಕದ್ದಲ್ಲ. ಮೊದಲ ಅಪರಾಧಕ್ಕೆ 2 ವರ್ಷಗಳವರೆಗೆ ಕಾರಾಗೃಹ ವಾಸ ಅಥವಾ 2 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಈ ನಿಷೇಧ ಮನೆಯ ಮಾಲೀಕರಿಗೂ ಅನ್ವಯಿಸುತ್ತದೆ. ಒಳಚರಂಡಿ ಸ್ವಚ್ಛತೆಯ ವೇಳೆ ಮೃತಪಟ್ಟವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಆದೇಶಿಸಿತ್ತು. 2023ರ ಅಕ್ಟೋಬರ್‌ನಲ್ಲಿ ಈ ಮೊತ್ತವನ್ನು 30 ಲಕ್ಷ ರೂಪಾಯಿಗಳಿಗೆ ಹೆಚ್ಚಿಸಲಾಯಿತು.

ಕಡಿಮೆ ಕೂಲಿಗೆ ಒಬ್ಬರನ್ನು ಗುಂಡಿಗೆ ಇಳಿಸುವುದು ಅಪರಾಧವೂ ಹೌದು, ಜೀವಹಾನಿಗೆ ದಾರಿಯೂ ಹೌದು. ಟ್ಯಾಂಕ್ ತುಂಬಿದಾಗ ಸ್ಥಳೀಯ ಸಂಸ್ಥೆಗೆ ಅರ್ಜಿ ಸಲ್ಲಿಸಿ ನಿಗದಿತ ಶುಲ್ಕ ಪಾವತಿಸಿ ಯಂತ್ರದ ಸೇವೆಯನ್ನೇ ಪಡೆಯತಕ್ಕದ್ದು. ಖಾಸಗಿ ಲಾರಿಯನ್ನು ಕರೆಸಿದಲ್ಲಿ ಮಲಕೆಸರನ್ನು ಎಲ್ಲಿ ವಿಲೇವಾರಿ ಮಾಡಲಾಗುತ್ತದೆ ಎಂದು ಕೇಳಿ ರಶೀದಿ ಪಡೆಯುವುದು ಒಳ್ಳೆಯದು.

5. ನೀರಿಗೆ ಸಂಬಂಧಿಸಿದ ಕಾಮಗಾರಿಗಳು

5.1 ಮಳೆನೀರು ಸಂಗ್ರಹಣೆ

ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. ವರ್ಷಕ್ಕೆ 600 ಮಿ.ಮೀ. ಮಳೆಯಾಗುವ ಊರಿನಲ್ಲಿ 100 ಚದರ ಮೀಟರ್ ಚಾವಣಿಯ ಮೇಲೆ 60 ಸಾವಿರ ಲೀಟರ್ ನೀರು ಬೀಳುತ್ತದೆ. ಆವಿ ಹಾಗೂ ಸೋರಿಕೆಗೆ ಐದರಲ್ಲಿ ಒಂದು ಭಾಗವನ್ನು ಕಳೆದರೂ 48 ಸಾವಿರ ಲೀಟರ್ ಉಳಿಯುತ್ತದೆ. ಒಬ್ಬರಿಗೆ ದಿನಕ್ಕೆ 135 ಲೀಟರ್‌ನಂತೆ ನಾಲ್ಕು ಜನರ ಕುಟುಂಬಕ್ಕೆ ಇದು ಸುಮಾರು ಮೂರು ತಿಂಗಳ ನೀರು. ಇಷ್ಟನ್ನೂ ಒಂದೇ ತೊಟ್ಟಿಯಲ್ಲಿ ಕೂಡಿಡುವುದು ಸಾಧ್ಯವಿಲ್ಲ. ತೊಟ್ಟಿ ತುಂಬಿ ಹೆಚ್ಚಾದ ನೀರನ್ನು ಇಂಗುಬಾವಿಗೆ ಬಿಡತಕ್ಕದ್ದು. ಇಂಗುಬಾವಿಗೆ ಶೌಚಗುಂಡಿಯ ಅಥವಾ ಬಚ್ಚಲಿನ ನೀರು ಸೇರದಂತೆ ಎಚ್ಚರ ವಹಿಸಬೇಕು.

ಬೆಂಗಳೂರು ಜಲಮಂಡಳಿಯ ವ್ಯಾಪ್ತಿಯಲ್ಲಿ 2009ರಿಂದ ನಿಗದಿತ ಅಳತೆಯ ನಿವೇಶನಗಳಿಗೆ ಮಳೆನೀರು ಸಂಗ್ರಹಣೆ ಕಡ್ಡಾಯವಾಗಿದೆ. ಇತರ ಪಟ್ಟಣಗಳಲ್ಲಿ ಶಾಲೆ, ಆಸ್ಪತ್ರೆ, ಪುರಸಭೆ ಕಚೇರಿ, ಸಮುದಾಯ ಭವನಗಳಂತಹ ದೊಡ್ಡ ಚಾವಣಿಯ ಸಾರ್ವಜನಿಕ ಕಟ್ಟಡಗಳಿಂದ ಕೆಲಸ ಆರಂಭಿಸುವುದು ಅನುಕೂಲಕರ.

5.2 ಕೆರೆಗಳ ಪುನಶ್ಚೇತನ

ರಾಜ್ಯದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಏರಿ, ತೂಬು, ಕೋಡಿ, ಅಚ್ಚುಕಟ್ಟುಗಳಿಂದ ಕೂಡಿದ ಈ ಕೆರೆಗಳನ್ನು ಹಿಂದೆ ಊರಿನವರೇ ನೋಡಿಕೊಳ್ಳುತ್ತಿದ್ದು, ನೀರು ಬಿಡುವ ಹೊಣೆ ನೀರುಗಂಟಿಯದಾಗಿತ್ತು. 2002ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಆರಂಭವಾದ ಸಮುದಾಯ ಆಧಾರಿತ ಕೆರೆ ನಿರ್ವಹಣೆ ಯೋಜನೆಯು ಜಲ ಸಂವರ್ಧನೆ ಯೋಜನಾ ಸಂಘದ ಮೂಲಕ ಗ್ರಾಮಗಳಲ್ಲಿ ಕೆರೆ ಬಳಕೆದಾರರ ಸಂಘಗಳನ್ನು ರಚಿಸಿ ಈ ಹೊಣೆಯನ್ನು ಮರಳಿ ಊರಿಗೆ ವಹಿಸುವ ಪ್ರಯತ್ನ ಮಾಡಿತು.

ಪಟ್ಟಣದ ಕೆರೆಯ ಸ್ಥಿತಿ ಬೇರೆ. ಅಲ್ಲಿ ಹೂಳಿಗಿಂತ ಕೊಳಚೆ ನೀರು ದೊಡ್ಡ ಸಮಸ್ಯೆ. ಬೆಂಗಳೂರಿನ ಉತ್ತರ ಭಾಗದಲ್ಲಿರುವ ಜಕ್ಕೂರು ಕೆರೆಯಲ್ಲಿ ಕೊಳಚೆ ನೀರನ್ನು ಜಲಮಂಡಳಿಯ ಸಂಸ್ಕರಣಾ ಘಟಕದಲ್ಲಿ ಶುದ್ಧೀಕರಿಸಿ, ಆ ನೀರನ್ನು ಜೊಂಡು ಬೆಳೆದ ಜೌಗು ಪ್ರದೇಶದ ಮೂಲಕ ಹಾಯಿಸಿ ಕೆರೆಗೆ ಬಿಡುವ ವ್ಯವಸ್ಥೆ ರೂಪುಗೊಂಡಿತು. ನೀರಿನಲ್ಲಿ ಉಳಿದ ಸಾರಜನಕ ಮತ್ತು ರಂಜಕದ ಒಂದು ಭಾಗವನ್ನು ಜೊಂಡು ಹೀರಿಕೊಳ್ಳುತ್ತದೆ. ಕೆರೆ ತುಂಬಿದ್ದರೆ ಸುತ್ತಲಿನ ಬಾವಿಗಳಿಗೂ ನೀರು ಇಂಗುತ್ತದೆ. ಆದರೆ ಜೊಂಡನ್ನು ಕಾಲಕಾಲಕ್ಕೆ ಕೊಯ್ಯದಿದ್ದರೆ ಅದು ಕೊಳೆತು, ಹೀರಿದ ಪೋಷಕಾಂಶಗಳು ಮತ್ತೆ ನೀರನ್ನೇ ಸೇರುತ್ತವೆ. ಶುದ್ಧೀಕರಿಸದ ನೀರು ಮಳೆಗಾಲುವೆಯ ಮೂಲಕ ನುಗ್ಗಿದರೂ ಕೆರೆ ಹಾಳಾಗುತ್ತದೆ. ಇಲ್ಲಿಯೂ ಕಾಮಗಾರಿಯ ಬೆಲೆ ನಿತ್ಯದ ನಿರ್ವಹಣೆಯಲ್ಲಿರುತ್ತದೆ.

ಕೆರೆ ಕಾಮಗಾರಿಗೆ ಮನವಿ ಸಲ್ಲಿಸುವವರು ಮೊದಲು ಈ ಕೆಳಕಂಡ ಅಂಶಗಳನ್ನು ಖಚಿತಪಡಿಸಿಕೊಳ್ಳತಕ್ಕದ್ದು:

• ಪಹಣಿಯಲ್ಲಿ ಕೆರೆಯ ಸರ್ವೆ ನಂಬರ್ ಮತ್ತು ವಿಸ್ತೀರ್ಣ
• ಕೆರೆ ಯಾವ ಸಂಸ್ಥೆಯ ಸುಪರ್ದಿಯಲ್ಲಿದೆ ಎಂಬ ವಿವರ. ಸಾಮಾನ್ಯವಾಗಿ 40 ಹೆಕ್ಟೇರ್‌ನಿಂದ 2,000 ಹೆಕ್ಟೇರ್‌ವರೆಗಿನ ಅಚ್ಚುಕಟ್ಟು ಇರುವ ಕೆರೆಗಳು ಸಣ್ಣ ನೀರಾವರಿ ಇಲಾಖೆಗೂ, ಅದಕ್ಕಿಂತ ಚಿಕ್ಕವು ಪಂಚಾಯತ್ ರಾಜ್ ಸಂಸ್ಥೆಗಳಿಗೂ ಸೇರಿರುತ್ತವೆ. ಪಟ್ಟಣದೊಳಗಿನ ಕೆರೆಗಳು ಸ್ಥಳೀಯ ಸಂಸ್ಥೆಯ ಸುಪರ್ದಿಯಲ್ಲಿರಬಹುದು
• ಕೆರೆಗೆ ನೀರು ತರುವ ಕಾಲುವೆಗಳು ತೆರೆದಿವೆಯೇ ಎಂಬ ವಿವರ. ಕಾಲುವೆ ಮುಚ್ಚಿದ ಕೆರೆಯ ಹೂಳೆತ್ತಿದರೆ ಪ್ರಯೋಜನವಿಲ್ಲ
• ಒತ್ತುವರಿ ಇದ್ದಲ್ಲಿ ಅಳತೆ ಮಾಡಿಸುವಂತೆ ತಹಶೀಲ್ದಾರರಿಗೆ ಪ್ರತ್ಯೇಕ ಅರ್ಜಿ

6. ಪ್ರಸ್ತಾವನೆ ಸಲ್ಲಿಸುವ ವಿಧಾನ

ಹಂತ 1: ವಾರ್ಡ್‌ನ ನಿವಾಸಿಗಳು ಸಭೆ ಸೇರಿ ಸಮಸ್ಯೆಯನ್ನು ಗುರುತಿಸಿ ನಡವಳಿ ಬರೆದು ಸಹಿ ಮಾಡತಕ್ಕದ್ದು. ವಾರ್ಡ್ ಸಮಿತಿ ಅಥವಾ ಪ್ರದೇಶ ಸಭೆ ರಚನೆಯಾಗಿರುವೆಡೆ ಅಲ್ಲಿಯೇ ವಿಷಯ ಮಂಡಿಸಬಹುದು. ಕಾಮಗಾರಿಯಿಂದ ತೊಂದರೆಗೆ ಒಳಗಾಗಬಹುದಾದ ಅಕ್ಕಪಕ್ಕದ ನಿವಾಸಿಗಳನ್ನು ಈ ಹಂತದಲ್ಲಿಯೇ ಸಭೆಗೆ ಕರೆಯತಕ್ಕದ್ದು. ಸಂಸ್ಕರಣಾ ಘಟಕ ಅಥವಾ ಗೊಬ್ಬರದ ಅಂಗಳ ತಮ್ಮ ಮನೆಯ ಬಳಿ ಬರುವ ಸುದ್ದಿಯನ್ನು ಕಾಮಗಾರಿ ಆರಂಭವಾದ ದಿನ ತಿಳಿದವರು ವಿರೋಧಿಸುವುದು ಸಹಜ.

ಹಂತ 2: ಮನವಿಯನ್ನು ಸಂಬಂಧಿಸಿದ ಅಧಿಕಾರಿಗೆ ಎರಡು ಪ್ರತಿಗಳಲ್ಲಿ ಸಲ್ಲಿಸಿ, ಒಂದು ಪ್ರತಿಯ ಮೇಲೆ ದಿನಾಂಕ ಮತ್ತು ಮೊಹರುಳ್ಳ ಸ್ವೀಕೃತಿ ಪಡೆಯತಕ್ಕದ್ದು. ವಾರ್ಡ್‌ನ ಸದಸ್ಯರಿಗೂ ಪ್ರತಿ ನೀಡುವುದು.

ಹಂತ 3: ಆರ್ಥಿಕ ವರ್ಷ ಏಪ್ರಿಲ್ 1ರಂದು ಆರಂಭವಾಗುವುದರಿಂದ ಆಯವ್ಯಯದ ಸಿದ್ಧತೆ ಹಿಂದಿನ ತಿಂಗಳುಗಳಲ್ಲಿಯೇ ನಡೆಯುತ್ತದೆ. ಆಯವ್ಯಯ ಪೂರ್ವಭಾವಿ ಸಭೆಯಲ್ಲಿ ಭಾಗವಹಿಸಿ ಪ್ರಸ್ತಾವನೆಯನ್ನು ಮಂಡಿಸತಕ್ಕದ್ದು. ಏಪ್ರಿಲ್ ನಂತರ ಬಂದ ಒಳ್ಳೆಯ ಪ್ರಸ್ತಾವನೆಯೂ ಹಣದ ಅವಕಾಶವಿಲ್ಲವೆಂಬ ಕಾರಣಕ್ಕೆ ಒಂದು ವರ್ಷ ಕಾಯಬೇಕಾಗಬಹುದು.

ಹಂತ 4: ಅಭಿಯಂತರರು ಸ್ಥಳ ಪರಿಶೀಲಿಸಿ ಅಂದಾಜು ಪಟ್ಟಿ ಅಥವಾ ವಿವರವಾದ ಯೋಜನಾ ವರದಿ ಸಿದ್ಧಪಡಿಸುತ್ತಾರೆ. ಸ್ಥಳ ಪರಿಶೀಲನೆಯ ವೇಳೆ ಅರ್ಜಿದಾರರು ಹಾಜರಿದ್ದು ಮಳೆಗಾಲದಲ್ಲಿ ನೀರು ನಿಲ್ಲುವ ಜಾಗ, ಹಳೆಯ ಬಾವಿ, ಮುಚ್ಚಿಹೋದ ಕಾಲುವೆ ಮುಂತಾದವುಗಳನ್ನು ತೋರಿಸಬೇಕು. ಇಂತಹ ಮಾಹಿತಿ ನಕ್ಷೆಗಳಲ್ಲಿ ದೊರೆಯುವುದು ಕಷ್ಟ.

ಹಂತ 5: ಕೌನ್ಸಿಲ್‌ನ ನಿರ್ಣಯ, ತಾಂತ್ರಿಕ ಮಂಜೂರಾತಿ ಮತ್ತು ಆಡಳಿತಾತ್ಮಕ ಅನುಮೋದನೆ ದೊರೆತ ನಂತರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕುರಿತ 1999ರ ರಾಜ್ಯ ಅಧಿನಿಯಮದಂತೆ ಟೆಂಡರ್ ಕರೆಯಲಾಗುತ್ತದೆ. ಸಂಸ್ಕರಣಾ ಘಟಕಗಳಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಯೂ ಅಗತ್ಯ.

7. ಮನವಿಯೊಂದಿಗೆ ಲಗತ್ತಿಸಬೇಕಾದ ವಿವರಗಳು

(1) ಸಮಸ್ಯೆಯ ವಿವರಣೆ, ಬಾಧಿತ ಮನೆಗಳ ಸಂಖ್ಯೆ ಮತ್ತು ಛಾಯಾಚಿತ್ರಗಳು
(2) ಸ್ಥಳದ ಸರ್ವೆ ನಂಬರ್, ಕೈನಕ್ಷೆ ಮತ್ತು ಮಾಲೀಕತ್ವದ ವಿವರ
(3) ಸಭೆಯ ನಡವಳಿ ಮತ್ತು ಸಹಿಗಳು
(4) ನೀರಿಗೆ ಸಂಬಂಧಿಸಿದ ಕಾಮಗಾರಿಯಾದಲ್ಲಿ ಲಭ್ಯವಿರುವ ನೀರಿನ ಪರೀಕ್ಷಾ ವರದಿ
(5) ಸಂಘ ಅಥವಾ ನ್ಯಾಸವಾಗಿದ್ದಲ್ಲಿ ನೋಂದಣಿ ಪ್ರಮಾಣಪತ್ರ ಮತ್ತು ಇತ್ತೀಚಿನ ಲೆಕ್ಕಪತ್ರ
(6) ನಿರ್ವಹಣೆಯಲ್ಲಿ ನಿವಾಸಿಗಳು ವಹಿಸಲು ಸಿದ್ಧರಿರುವ ಪಾತ್ರದ ಸ್ಪಷ್ಟ ವಿವರಣೆ

8. ಹಣಕಾಸಿನ ಮೂಲಗಳು

ಕೇಂದ್ರ ಸರ್ಕಾರವು 2021ರ ಅಕ್ಟೋಬರ್ 1ರಂದು ಸ್ವಚ್ಛ ಭಾರತ ಅಭಿಯಾನದ ನಗರ ವಿಭಾಗದ ಎರಡನೆಯ ಹಂತವನ್ನೂ ಅಮೃತ್ 2.0 ಯೋಜನೆಯನ್ನೂ ಆರಂಭಿಸಿತು. 15ನೆಯ ಹಣಕಾಸು ಆಯೋಗವು 2021–26ರ ಅವಧಿಗೆ ಶಿಫಾರಸು ಮಾಡಿದ ಅನುದಾನದಲ್ಲಿ, ದಶಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಪಟ್ಟಣಗಳ ಪಾಲಿನ ಶೇ. 60ರಷ್ಟನ್ನು ಕುಡಿಯುವ ನೀರು, ಮಳೆನೀರು ಸಂಗ್ರಹಣೆ, ನೈರ್ಮಲ್ಯ ಮತ್ತು ಘನತ್ಯಾಜ್ಯ ನಿರ್ವಹಣೆಗೆ ಕಟ್ಟುಪಾಡಿಗೆ ಒಳಪಡಿಸಲಾಗಿತ್ತು. ಇವುಗಳಲ್ಲದೆ ರಾಜ್ಯ ಹಣಕಾಸು ಆಯೋಗದ ಅನುದಾನ ಹಾಗೂ ಕಂಪನಿಗಳ ಅಧಿನಿಯಮ, 2013ರ 135ನೆಯ ಪ್ರಕರಣದಂತೆ ಕಂಪನಿಗಳು ವಿನಿಯೋಗಿಸುವ ಸಾಮಾಜಿಕ ಹೊಣೆಗಾರಿಕೆ ನಿಧಿಯನ್ನೂ ಪಡೆಯಬಹುದು. ಯಾವ ಯೋಜನೆಯಡಿ ಈ ವರ್ಷ ಹಣ ಲಭ್ಯವಿದೆ ಎಂಬುದನ್ನು ಸ್ಥಳೀಯ ಸಂಸ್ಥೆಯಲ್ಲಿ ಅಥವಾ ಜಿಲ್ಲಾಧಿಕಾರಿಗಳ ಕಚೇರಿಯ ಜಿಲ್ಲಾ ನಗರಾಭಿವೃದ್ಧಿ ಕೋಶದಲ್ಲಿ ವಿಚಾರಿಸತಕ್ಕದ್ದು.

ಇಂತಹ ಅನುದಾನಗಳು ಬಹುಮಟ್ಟಿಗೆ ನಿರ್ಮಾಣದ ವೆಚ್ಚವನ್ನು ಭರಿಸುತ್ತವೆ. ನೌಕರರ ವೇತನ, ವಿದ್ಯುತ್ ಶುಲ್ಕ, ದುರಸ್ತಿ ಮತ್ತು ಲಾರಿಯ ಡೀಸೆಲ್ ವೆಚ್ಚ ಪ್ರತಿ ತಿಂಗಳೂ ಬರುವಂಥವು. ಅವುಗಳನ್ನು ಆಸ್ತಿ ತೆರಿಗೆ, ನೀರಿನ ಕರ, ತ್ಯಾಜ್ಯ ನಿರ್ವಹಣಾ ಶುಲ್ಕ, ಟ್ಯಾಂಕ್ ಖಾಲಿ ಮಾಡುವ ಶುಲ್ಕ ಮುಂತಾದ ಸ್ವಂತ ಆದಾಯದಿಂದಲೇ ಭರಿಸಬೇಕಾಗುತ್ತದೆ. ಗೊಬ್ಬರದ ಮಾರಾಟದಿಂದ ಬರುವ ಹಣ ನೆರವಾಗಬಹುದೇ ಹೊರತು ಅದೊಂದರಿಂದಲೇ ಘಟಕ ನಡೆಯುತ್ತದೆಂದು ಲೆಕ್ಕ ಹಾಕುವುದು ಸರಿಯಲ್ಲ. ತೆರಿಗೆ ಪಾವತಿಸದೆ ಕಾಮಗಾರಿ ಕೋರುವ ವಾರ್ಡ್‌ನಲ್ಲಿ ಕಟ್ಟಡ ಮೇಲೇಳಬಹುದು, ಆದರೆ ಅದು ನಡೆಯುವುದು ಕಷ್ಟ.

9. ಮಂಜೂರಾತಿಗೆ ಮೊದಲು ಉತ್ತರ ಪಡೆಯಬೇಕಾದ ಪ್ರಶ್ನೆಗಳು

ಅರ್ಜಿದಾರರೂ ಕೌನ್ಸಿಲ್‌ನ ಸದಸ್ಯರೂ ಕಾಮಗಾರಿಯನ್ನು ಒಪ್ಪುವ ಮೊದಲು ಈ ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯುವುದು ಸೂಕ್ತ:

• ಕಾಮಗಾರಿಯನ್ನು ದಿನನಿತ್ಯ ನಡೆಸುವ ಸಿಬ್ಬಂದಿ ಯಾರು? ಅವರಿಗೆ ತರಬೇತಿ ನೀಡುವವರು ಯಾರು?
• ವಾರ್ಷಿಕ ನಿರ್ವಹಣಾ ವೆಚ್ಚ ಎಷ್ಟು? ಆಯವ್ಯಯದ ಯಾವ ಲೆಕ್ಕ ಶೀರ್ಷಿಕೆಯಲ್ಲಿ ಅದನ್ನು ತೋರಿಸಲಾಗಿದೆ?
• ಗುತ್ತಿಗೆದಾರರ ನಿರ್ವಹಣಾ ಅವಧಿ ಮುಗಿದ ಮರುದಿನ ಬೀಗದ ಕೈ ಯಾರ ಬಳಿ ಇರುತ್ತದೆ?
• ಪಂಪ್ ಕೆಟ್ಟರೆ ಬಿಡಿಭಾಗ ತಾಲ್ಲೂಕು ಕೇಂದ್ರದಲ್ಲಿ ದೊರೆಯುತ್ತದೆಯೇ?
• ಘಟಕದಿಂದ ಹೊರಬರುವ ನೀರು ಮತ್ತು ಗೊಬ್ಬರದ ಪರೀಕ್ಷೆ ಎಷ್ಟು ದಿನಕ್ಕೊಮ್ಮೆ ನಡೆಯುತ್ತದೆ? ಫಲಿತಾಂಶವನ್ನು ಎಲ್ಲಿ ಪ್ರಕಟಿಸಲಾಗುತ್ತದೆ?
• ದೂರು ನೀಡಲು ಗೊತ್ತುಪಡಿಸಿದ ಅಧಿಕಾರಿ ಯಾರು?

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಒಬ್ಬ ವ್ಯಕ್ತಿ ಮನವಿ ಸಲ್ಲಿಸಬಹುದೇ?
ಉತ್ತರ: ಸಲ್ಲಿಸಬಹುದು. ಆದರೆ ನಿವಾಸಿಗಳು ಒಟ್ಟಾಗಿ ಸಲ್ಲಿಸಿದ ಮನವಿಯಿಂದ ಅಗತ್ಯದ ವ್ಯಾಪ್ತಿ ಸ್ಪಷ್ಟವಾಗುತ್ತದೆ.

ಪ್ರಶ್ನೆ: ಸಂಘವನ್ನು ನೋಂದಾಯಿಸಲೇಬೇಕೇ?
ಉತ್ತರ: ಮನವಿ ಸಲ್ಲಿಸಲು ನೋಂದಣಿ ಬೇಕಾಗಿಲ್ಲ. ಹಣ ಪಡೆಯಲು ಅಥವಾ ನಿರ್ವಹಣೆಯ ಒಡಂಬಡಿಕೆಗೆ ಸಹಿ ಹಾಕಲು ಬೇಕಾಗುತ್ತದೆ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿಯಲ್ಲಿ ಕನಿಷ್ಠ 7 ಜನರು ಸೇರಿ ಸಂಘವನ್ನು ನೋಂದಾಯಿಸಬಹುದು.

ಪ್ರಶ್ನೆ: ಮನವಿಗೆ ಉತ್ತರ ಬಾರದಿದ್ದಲ್ಲಿ ಏನು ಮಾಡಬೇಕು?
ಉತ್ತರ: ಸಕಾಲ ಅಧಿನಿಯಮ, 2011ರ ಕಾಲಮಿತಿಯು ಅಧಿಸೂಚಿತ ಸೇವೆಗಳಿಗೆ ಮಾತ್ರ ಅನ್ವಯಿಸುತ್ತದೆ, ಹೊಸ ಕಾಮಗಾರಿಯ ಕೋರಿಕೆಗೆ ಅನ್ವಯಿಸುವುದಿಲ್ಲ. ಆದರೆ ಮನವಿಯ ಮೇಲೆ ಕೈಗೊಂಡ ಕ್ರಮದ ಕಡತದ ಪ್ರತಿಯನ್ನು ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ 10 ರೂಪಾಯಿ ಶುಲ್ಕ ಪಾವತಿಸಿ ಕೋರಬಹುದು. ಮಾಹಿತಿ ನೀಡಲು 30 ದಿನಗಳ ಕಾಲಾವಕಾಶವಿರುತ್ತದೆ. ರಾಜ್ಯದ ನಿಯಮಗಳಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವನ್ನು 150 ಪದಗಳ ಮಿತಿಯಲ್ಲಿ ಕೇಳತಕ್ಕದ್ದು.

ಪ್ರಶ್ನೆ: ನಮ್ಮ ಊರಿಗೆ ಒಳಚರಂಡಿ ಮಂಜೂರಾಗಿದೆ. ಮಲತ್ಯಾಜ್ಯ ಘಟಕ ಬೇಕೇ?
ಉತ್ತರ: ಒಳಚರಂಡಿ ಜಾಲ ಪೂರ್ಣಗೊಂಡು ಎಲ್ಲ ಮನೆಗಳಿಗೂ ಸಂಪರ್ಕ ದೊರೆಯಲು ವರ್ಷಗಳು ಬೇಕಾಗುತ್ತವೆ. ಅಲ್ಲಿಯವರೆಗೂ ಗುಂಡಿಗಳು ತುಂಬುತ್ತಲೇ ಇರುತ್ತವೆ. ಕೊಳಚೆ ನೀರು ಸಂಸ್ಕರಣಾ ಘಟಕ ಇರುವೆಡೆ ಅಲ್ಲಿಯೇ ಲಾರಿಗಳ ಮಲಕೆಸರನ್ನು ಮಿತಪ್ರಮಾಣದಲ್ಲಿ ಸ್ವೀಕರಿಸುವ ಸಾಧ್ಯತೆಯನ್ನು ಅಭಿಯಂತರರು ಪರಿಶೀಲಿಸಬಹುದು.

ಪ್ರಶ್ನೆ: ನಾಗರಿಕರ ಗುಂಪು ಕೆರೆಯನ್ನು ತಾನೇ ದುರಸ್ತಿ ಮಾಡಬಹುದೇ?
ಉತ್ತರ: ಕೆರೆಯ ಸುಪರ್ದಿ ಹೊಂದಿರುವ ಸಂಸ್ಥೆಯ ಲಿಖಿತ ಅನುಮತಿಯಿಲ್ಲದೆ ಹೂಳೆತ್ತುವುದು, ಏರಿ ಅಥವಾ ಕೋಡಿಯನ್ನು ಮಾರ್ಪಡಿಸುವುದು ಸಲ್ಲದು. ಏರಿಯ ಬುಡದ ಮಣ್ಣನ್ನು ತೆಗೆದರೆ ಏರಿ ಕುಸಿದು ಕೆಳಗಿನ ಮನೆಗಳಿಗೆ ಅಪಾಯ ಉಂಟಾಗಬಹುದು.

11. ಸಾರ್ವಜನಿಕರಲ್ಲಿ ಕೋರಿಕೆ

ದೇವನಹಳ್ಳಿಯ ಘಟಕ ದೊಡ್ಡ ನಗರದ ಯೋಜನೆಯ ನಕಲಲ್ಲ. ಪುರಸಭೆಯೊಂದು ತನ್ನ ಮನೆಗಳ ಗುಂಡಿಗಳನ್ನೂ, ತನ್ನ ಸುತ್ತಲಿನ ಹೊಲಗಳನ್ನೂ, ತನ್ನಲ್ಲಿದ್ದ ಸಿಬ್ಬಂದಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ರೂಪಿಸಿದ ಕೆಲಸ ಅದು. ಇತರ ಪಟ್ಟಣಗಳ ನಿವಾಸಿಗಳೂ ತಮ್ಮ ಊರಿನ ಅಳತೆಗೆ ತಕ್ಕ ಕಾಮಗಾರಿಯನ್ನೇ ಕೋರತಕ್ಕದ್ದು. ಮನವಿಯನ್ನು ಸಲ್ಲಿಸುವ ಮೊದಲು ಹತ್ತಿರದ ಪಟ್ಟಣದಲ್ಲಿ ನಡೆಯುತ್ತಿರುವ ಘಟಕವೊಂದನ್ನು ಸಂಬಂಧಪಟ್ಟ ಅಧಿಕಾರಿಗಳ ಅನುಮತಿ ಪಡೆದು ನೋಡಿಬರುವುದು, ಸಾಧ್ಯವಾದರೆ ನಿಂತುಹೋಗಿರುವ ಒಂದನ್ನೂ ನೋಡಿಬರುವುದು ಉಪಯುಕ್ತ. ನಿಲ್ಲಲು ಕಾರಣವೇನೆಂದು ಅಲ್ಲಿನ ಸಿಬ್ಬಂದಿಯನ್ನು ವಿಚಾರಿಸಿ, ಅದೇ ಕಾರಣ ತಮ್ಮ ಊರಿನಲ್ಲಿ ಮರುಕಳಿಸದಂತೆ ಪ್ರಸ್ತಾವನೆಯಲ್ಲಿ ಏರ್ಪಾಡು ಸೂಚಿಸುವಂತೆ ಕೋರಲಾಗಿದೆ.